ಐವತ್ತರಲ್ಲಿ ಬೆಳೆದ ಗೌಡರು

ತೊಂಬತ್ತರ ದಶಕದಲ್ಲಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಾನು ಕೋಬಾಲ್ಟ್ ಮಷೀನು ನಡೆಸುತ್ತಿದ್ದೆ. ಕಿರಣ ಕೊಟ್ಟು ಗಡ್ಡೆ ಸುಡುವ ಕೆಲಸ. ಅಲ್ಲಿಗೆ ನಗುತ್ತ ಬರುವವರು ಯಾರೂ ಇಲ್ಲ, ನಗಿಸುವವರು ಮಾತ್ರ ತಪ್ಪದೆ ಬರುತ್ತಿದ್ದರು. ಕಮಲಾಪುರದ ಬಾಳೆತೋಟದ ಗೌಡರು ಬಂದಾಗಲಂತೂ ಮುಖ ಬಿಗಿದು ನಿಲ್ಲುವುದೇ ನಮಗೆ ದೊಡ್ಡ ಕೆಲಸವಾಯಿತು.

೧. ಕುಗ್ಗುವ ಚಪ್ಪಲಿ

ಗೌಡರು ಬಂದದ್ದು ತಲೆನೋವಿಗೆ. ಮಾತಾಡಿದ್ದೆಲ್ಲ ಚಪ್ಪಲಿ ಬಗ್ಗೆ.

"ಗಂಜ್ ಬಜಾರದ ಚಪ್ಪಲಿ ಅಂಗಡಿಯಾಂವ ಮೋಸ ಮಾಡ್ಯಾನ್ರಿ ಡಾಕ್ಟರ್ ಸಾಹೇಬ್ರ. ಎಂಥ ಚಪ್ಪಲಿ ತಂದ್ರೂ ವರ್ಷದಾಗ ಸಣ್ಣ ಆಗ್ತಾವ."

ಡಾಕ್ಟರು ಅವರ ದಪ್ಪ ಬೆರಳು, ಮುಂದೆ ಬಂದ ದವಡೆ ನೋಡಿದರು. ತಲೆಯ ಸ್ಕ್ಯಾನ್ ಮಾಡಿಸಿ ಹೇಳಿದರು: "ಚಪ್ಪಲಿ ಸಣ್ಣ ಆಗಿಲ್ಲ ಗೌಡ್ರ, ನಿಮ್ಮ ಕಾಲೇ ಬೆಳೀಲಿಕತ್ತಾವ. ತಲಿಯೊಳಗ ಪಿಟ್ಯುಟರಿ ಅಂತ ಗ್ರಂಥಿ ಅದ, ಅದರಾಗ ಗಡ್ಡಿ ಆಗ್ಯದ. ಹಂಗೇ ಬಿಟ್ರ ಕಣ್ಣು ಹೋಗ್ತಾವ."

ಗೌಡರ ಮುಖ ಬಿಳಿಚಿತು. ಪಕ್ಕದಲ್ಲಿದ್ದ ಮುದಿ ತಾಯಿಗೆ ಕಿವಿ ಮಂದ. ಅವರಿಗೆ ಕೇಳಿಸಿದ್ದು ಬೆಳೆಯುವ ಮಾತಷ್ಟೇ.

"ನಾ ಹೇಳ್ತಿದ್ದಿಲ್ಲೇನು? ನನ್ನ ಮಗಂದು ಇನ್ನೂ ಬೆಳಿಯೋ ವಯಸ್ಸು!"

೨. ಕಾಳಿನಷ್ಟು ಸರದಾರ

ಹೈದರಾಬಾದಿನಲ್ಲಿ ಆಪರೇಶನ್ ಆಯಿತು. ಉಳಿದ ಚೂರಿಗೆ ಕಿರಣ ಕೊಡಲು ನಮ್ಮ ಬಳಿ ಕಳಿಸಿದರು.

"ಆ ಗ್ರಂಥಿ ಎಷ್ಟು ದೊಡ್ಡದದ್ರಿ?" ಎಂದು ಗೌಡರು ಕೇಳಿದರು.

"ಕಡ್ಲಿ ಕಾಳಿನಷ್ಟು," ಎಂದೆ.

"ಇಷ್ಟು ದೊಡ್ಡ ಮೈಗೆ ಅಷ್ಟು ಸಣ್ಣದು ಹುಕುಂ ಮಾಡ್ತದ? ಸುಳ್ಳು!"

ಅವರ ಭುಜಕ್ಕೂ ಬಾರದ ಹೆಂಡತಿ, "ಸುಮ್ಮ ಕುಂದರ್ರಿ," ಎಂದರು. ಗೌಡರು ಥಟ್ಟನೆ ಕುಳಿತರು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ, "ತಿಳೀತು ಬಿಡ್ರಿ," ಎಂದರು.

೩. ಮಾತಾಡುವ ಸೂರು

ತಲೆ ಕದಲಿದರೆ ಕಿರಣ ಗುರಿ ತಪ್ಪುತ್ತದೆ. ಅದಕ್ಕೇ ಮುಖಕ್ಕೆ ಅಚ್ಚಿನ ಮುಖವಾಡ ಬಿಗಿದು ಮಲಗಿಸಿ, ನಾವು ಹೊರಗಿನಿಂದ ಮೈಕಿನಲ್ಲಿ ಹೇಳುತ್ತಿದ್ದೆವು.

"ಗೌಡ್ರ, ಅಲುಗಾಡಬ್ಯಾಡ್ರಿ."

ಸೂರಿನ ಸ್ಪೀಕರಿನಿಂದ ಬಂದ ದನಿಗೆ ಗೌಡರು ಎರಡೂ ಕೈ ಎತ್ತಿ ಮುಗಿದರು.

"ಕೈ ಇಳಸ್ರಿ."

ಇಳಿಸಿ, ಮತ್ತೆ ಮುಗಿದರು.

"ನಮಸ್ಕಾರ ಬ್ಯಾಡ್ರಿ!"

ತಪ್ಪಾಯಿತು ಎಂಬಂತೆ ಇನ್ನೊಮ್ಮೆ ಮುಗಿದರು. ಸೋತು ಮೈಕನ್ನು ಹೆಂಡತಿಯ ಕೈಗೆ ಕೊಟ್ಟೆವು. ಅವರಿನ್ನೂ ಕೆಮ್ಮಿದ್ದಷ್ಟೇ, ಗೌಡರು ಕಂಬದಂತೆ ಮಲಗಿದರು.

೪. ಊರಿನ ತಲೆ

ಗೌಡರ ಕಣ್ಣು ಉಳಿದವು, ಗಡ್ಡೆಯೂ ಮತ್ತೆ ಬೆಳೆಯಲಿಲ್ಲ. ಆದರೆ ಕಿರಣ ಹೊಕ್ಕ ಕಡೆ, ಎರಡೂ ಕಿವಿಯ ಮೇಲೆ, ಕೂದಲು ಚೌಕವಾಗಿ ಉದುರಿತ್ತು. ಒಂದು ಮುಂಜಾನೆ ಕಮಲಾಪುರದ ಅವರ ಕ್ಷೌರದವನು ಬಸ್ಸಿಳಿದು ನೇರ ನಮ್ಮ ಬಾಗಿಲಿಗೇ ಬಂದ.

"ನಮ್ಮ ಗೌಡ್ರ ತಲಿಗಿ ಕೈ ಹಚ್ಚಿದಾಂವ ಯಾಂವ? ನಮ್ಮಪ್ಪನ ಕಾಲದಿಂದ ಆ ತಲಿ ನಮ್ಮದದ!"

ಯಾರೂ ಕತ್ತರಿಸಿಲ್ಲ, ಕಿರಣಕ್ಕೆ ಉದುರಿದ್ದು ಎಂದು ಹೇಳಿ ಹೇಳಿ ಸೋತು, ಖಾಲಿ ಕೋಣೆಗೆ ಕರೆದೊಯ್ದು ಮಷೀನು ತೋರಿಸಿದೆ. ಸುತ್ತ ತಿರುಗಿ ನೋಡಿದ. ಸಿಟ್ಟು ಇಳಿಯಿತು.

"ಎರಡೂ ಬಾಜೂ ಒಂದೇ ಅಳತಿ. ಗೆರಿ ಸುದ್ದಾ ಸೊಟ್ಟ ಆಗಿಲ್ಲ. ಖರೇ ಹೇಳ್ತೀನ್ರಿ, ನನಗ ಹಿಂಗ ಬರಂಗಿಲ್ಲ."

ಹಾಗೆಂದವನೇ ಚಪ್ಪಲಿ ಬಿಟ್ಟು, ಮಷೀನಿನ ಕೆಳಗಿನ ಮಂಚವನ್ನು ತಾನೇ ಹತ್ತಿ ಮಲಗಿ, ಕೆನ್ನೆ ಮುಂದೆ ಮಾಡಿ ಕಣ್ಣು ಮುಚ್ಚಿದ.

"ಗಡ್ಡ ಅಷ್ಟ ತೆಗೀರಿ. ಮೀಸಿ ಮುಟ್ಟಬ್ಯಾಡ್ರಿ."