ಎರಡು ಹಲ್ಲಿನ ಪರಿಹಾರ

ದೊಡವಾಡದ ಬಾಳುವಿನ ಮುಂದಿನ ಎರಡು ಹಲ್ಲು ಹೋಗಿ ಒಂದು ತಿಂಗಳಾಗಿತ್ತು. ಬೇರೆಯವರಾಗಿದ್ದರೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿಂದು ಸುಮ್ಮನಾಗುತ್ತಿದ್ದರು. ಆದರೆ ಬಾಳು ಸನಾದಿ ಊದುವವನು. ಈಗ ಅರ್ಧ ಉಸಿರು ಸನಾದಿಗೆ ಹೋದರೆ ಇನ್ನರ್ಧ ಹಲ್ಲಿನ ಕಿಂಡಿಯಿಂದ ಎದುರಿಗಿದ್ದವರ ಮುಖಕ್ಕೆ ಹೋಗುತ್ತಿತ್ತು. ಮದುವೆಯ ಹಂಗಾಮಿನಲ್ಲೇ ಮನೆಯಲ್ಲಿ ಕೂರಬೇಕಾಯಿತು.

ಆದದ್ದಿಷ್ಟು. ಮೆರವಣಿಗೆಯೊಂದು ಮುಗಿಸಿ ಸಂಜೆ ಬಸ್ಸಿಗೆ ನಿಂತಾಗ ಯಾವನೋ ಕಳ್ಳ ಅವನ ಚೀಲಕ್ಕೆ ಕೈಹಾಕಿದ. ಎಳೆದಾಟ, ಕೂಗಾಟ, ಜನರ ನೂಕುನುಗ್ಗಲು. ನಡುವೆ ಬಾಯಿಗೊಂದು ಏಟು ಬಿತ್ತು. ಬಾಳು ಕಣ್ಣು ಬಿಟ್ಟಾಗ ಕಳ್ಳನೂ ಇಲ್ಲ, ಚೀಲವೂ ಇಲ್ಲ, ಹಲ್ಲೂ ಇಲ್ಲ.

"ಕಳ್ಳನ ಇವನ್ನ ಹೊಡದು ಓಡಿದಾನ್ರಿ, ನಾ ಕಣ್ಣಾರೆ ನೋಡೇನಿ," ಎಂದು ಪೊಲೀಸರಿಗೆ ಹೇಳಿದವನು ಬಾಳುವಿನ ಮೇಳ ನಡೆಸುತ್ತ ಅದರಲ್ಲಿ ಕರಡಿ ವಾದ್ಯ ಬಾರಿಸುವ ಮಾಂತೇಶ. ಪರಿಹಾರದ ಸುದ್ದಿ ತಂದವನೂ ಅವನೇ.

"ಬಾಳಣ್ಣ, ಇಂಥಾ ಅಪರಾಧದಾಗ ಪೆಟ್ಟು ತಿಂದು ದುಡಿಮಿ ನಿಂತವರಿಗೆ ಸರಕಾರ ರೊಕ್ಕಾ ಕೊಡತೈತಿ. ಅರ್ಜಿ ನಾ ಬರಿತೇನಿ."

ಬರೆದೂ ಬಿಟ್ಟ. ವಿಚಾರಣೆಯ ದಿನ ಜೊತೆಗೆ ಹೊರಟು ನಿಂತ, ಇಬ್ಬರ ಟಿಕೀಟನ್ನೂ ತಾನೇ ತೆಗೆಸುತ್ತೇನೆಂದ. ಒಂದು ದಿನವೂ ಚಹಾ ಕುಡಿಸದ ಮನುಷ್ಯ! ಬಾಳು ಬೆರಗಾದ.

ಹೊರಡುವಾಗ ಪಕ್ಕದ ಮನೆಯ ಗುರವ್ವ ಅಡ್ಡ ಬಂದಳು. "ಹಿಂಗ ನೆಟ್ಟಗ ಹೋದ್ರ ಯಾರ ನಂಬತಾರೋ ತಮ್ಮಾ?" ಎಂದು ಅರಿಶಿನ ಬಳಿದ ಧೋತರದ ತುಂಡನ್ನು ಗದ್ದದಿಂದ ನೆತ್ತಿಯವರೆಗೆ ಬಿಗಿದು, ಮೇಲೆ ಮೊಲದ ಕಿವಿಯಂತೆ ಗಂಟು ಹಾಕಿದಳು. ಬಸ್ಸಿನಲ್ಲಿ ಮಂಗನಬಾವೆಂದು ಹೆದರಿ ಮೂರು ಸೀಟಿನ ಜನ ಎದ್ದು ಹೋದರು. ಕಂಡಕ್ಟರ್ ತೋಳು ಉದ್ದ ಮಾಡಿ, ಮುಖ ಆಚೆ ತಿರುಗಿಸಿ ಟಿಕೀಟು ಕೊಟ್ಟ.

ಬೈಲಹೊಂಗಲದ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯ ಕೋಣೆ. ಒಳಗೆ ಕುಳಿತಿದ್ದ ನ್ಯಾಯಾಧೀಶೆ ಬಾಳುವಿನ ಮಗಳ ವಯಸ್ಸಿನವರು. "ಬರ್ರಿ, ಕುಂದರ್ರಿ," ಎಂದರು. ತನ್ನ ಹಿಂದೆ ಯಾರೋ ದೊಡ್ಡ ಸಾಹೇಬರು ಬಂದರೆಂದು ಬಾಳು ತಿರುಗಿ ನೋಡಿದ. ಬಾಗಿಲಲ್ಲಿ ಮಾಂತೇಶನ ಹೊರತು ಯಾರೂ ಇರಲಿಲ್ಲ.

ಕಟ್ಟು ಬಿಚ್ಚಿಸಿ ಬಾಯಿ ನೋಡಿದರು. "ಎಷ್ಟು ಮದುವಿ ತಪ್ಪಿದುವು?"

"ಹನ್ನೊಂದುರಿ, ಸಾಹೇಬ್ರ," ಎಂದ. ಆ 'ಸಾ' ಎಷ್ಟು ಉದ್ದ ಸಿಳ್ಳೆಯಾಯಿತೆಂದರೆ ಹೊರಗಿದ್ದ ಜವಾನ ತನ್ನನ್ನೇ ಕರೆದರೆಂದು ಓಡಿ ಬಂದ.

ನ್ಯಾಯಾಧೀಶೆ ನಗಲಿಲ್ಲ. "ಊದೂದ ನಿಮ್ಮ ದುಡಿಮಿ. ಅದು ನಿಂತ್ರ ನಷ್ಟ ತುಂಬಿಕೊಡೂದು ಸರಕಾರದ ಕೆಲಸ. ಇದು ಭಿಕ್ಷಾ ಅಲ್ಲ, ನಿಮ್ಮ ಹಕ್ಕು."

ಬೆಂಗಳೂರಿನಲ್ಲೋ ಎಲ್ಲೋ ಇರುವ ಅಷ್ಟು ದೊಡ್ಡ ಸರಕಾರ, ದೊಡವಾಡದ ಒಬ್ಬನ ಬಾಯೊಳಗೆ ಬಗ್ಗಿ ನೋಡಿ ಅಯ್ಯೋ ಅನ್ನುತ್ತದೆಯೆ! ಗುಡಿಯಲ್ಲಿ ನಿಂತವನಂತೆ ಬಾಳುವಿನ ಕೈಗಳು ತಾವಾಗಿಯೇ ಮುಗಿದವು.

"ಅಂಗಡಿ ಕ್ಯಾಮೆರಾದ ಚಿತ್ರ ಪೊಲೀಸರು ಕಳಿಸ್ಯಾರ. ನೋಡ್ರಿ," ಎಂದು ಅವರು ಕಂಪ್ಯೂಟರನ್ನು ಇತ್ತ ತಿರುಗಿಸಿದರು.

ಚಿತ್ರದಲ್ಲಿ ಕಳ್ಳ ಚೀಲ ಕಿತ್ತುಕೊಂಡ. ಗುಂಪಿನೊಳಗಿಂದ ಬೆಳ್ಳಿ ಕಡಗದ ಎಡಗೈಯೊಂದು ಕರಡಿ ಬಾರಿಸುವ ಕೋಲು ಬೀಸಿ ಬಂತು. ಕಳ್ಳ ತಲೆ ತಗ್ಗಿಸಿ ಪಾರಾದ. ಕೋಲು ಸೀದಾ ಬಾಳುವಿನ ಬಾಯಿಗೆ ಬಂತು. ಕೈಯೊಡೆಯನ ಮುಖ ಯಾರದೋ ಛತ್ರಿಯ ಮರೆಯಲ್ಲಿತ್ತು.

ಬಾಳು ಮೆಲ್ಲಗೆ ತಿರುಗಿದ. ಮಾಂತೇಶ ಫ್ಯಾನು ನೋಡುತ್ತಿದ್ದ. ಅವನ ಎಡಗೈ ಜೇಬಿನಲ್ಲಿ ಮೊಣಕೈತನಕ ಇಳಿದಿತ್ತು.

"ಕಳ್ಳ ನಿಮ್ಮನ್ನ ಮುಟ್ಟೇ ಇಲ್ಲ. ಆದ್ರೂ ಪರಿಹಾರಕ್ಕ ಅಡ್ಡಿ ಇಲ್ಲ. ಈ ಹೊಡದಾವನ ಮ್ಯಾಲೆ ಕೇಸ್ ಆಗತೈತಿ, ಪೊಲೀಸರು ಊರಿಗೆ ಬಂದು ಹುಡುಕತಾರ. ಈ ಕೈ ಗುರ್ತ ಐತೇನ್ರಿ?"

ಗುರುತಿಲ್ಲದೆ ಏನು? ಇಪ್ಪತ್ತು ವರ್ಷ ಆ ಕೈಯ ಪೆಟ್ಟಿಗೆ ತನ್ನ ಉಸಿರು ಹೊಂದಿಸಿ ಊದಿದವನು ಅವನು. ಅದಕ್ಕೆ ಬೇಡಿ ಬಿದ್ದರೆ ತಾನು ಯಾರ ಜೊತೆ ಊದಬೇಕು?

"ಪೆಟ್ಟಿನಾಗ ಅಪರಾಧನ ಇಲ್ಲರಿ. ನಾನ ಹೋಗಿ ಕೋಲಿಗೆ ಬಾಯಿ ಕೊಟ್ಟೇನಿ," ಎಂದ.

ನ್ಯಾಯಾಧೀಶೆ ಮಾಂತೇಶನ ಜೇಬನ್ನು ಬಹಳ ಹೊತ್ತು ನೋಡಿದರು. "ಅಪರಾಧ ಇಲ್ಲಂದ್ರ ಪರಿಹಾರನೂ ಇಲ್ಲ. ಬರದು ಕೊಡತೀರೇನು?"

"ಕೊಡತೇನ್ರಿ," ಎಂದು ಸಹಿ ಹಾಕಿದ.

ಹೊರಗೆ ಬಂದೊಡನೆ ಮಾಂತೇಶ ಅವನ ಎರಡೂ ಕೈ ಹಿಡಿದು ಗಳಗಳ ಅತ್ತ. "ನೀ ಮನಷ್ಯಾ ಅಲ್ಲೋ ಬಾಳಣ್ಣ, ದೇವರು!"

"ಇರಲಿ ಬಿಡೋ. ನೀ ನನ್ನ ಹೊಡೀಬೇಕಂತ ಹೊಡದಿ ಏನು? ಸಾಲಾ ಸೂಲಾ ಮಾಡಿ ಹಲ್ಲು ಕಟ್ಟಿಸಿಕೊಳ್ತೇನಿ. ಬರೂ ವಾರದ ನೇಸರಗಿ ಮದುವಿಗೆ ಇಬ್ರೂ ಕೂಡೇ ಹೋಗೂಣು."

ಮಾಂತೇಶ ಅಳು ನಿಲ್ಲಿಸಿ ಮೂಗು ಒರೆಸಿಕೊಂಡ. "ನೇಸರಗಿಗೆ ರಾಮದುರ್ಗದಾವ ಒಬ್ಬಾವನ್ನ ಗೊತ್ತು ಮಾಡೇನಿ. ಭಾಳ ಛಲೋ ಊದತಾನ."

"ಅದೊಂದ ಮದುವಿಗೇನು?"

"ವರ್ಷಪೂರ್ತಿ."

"ಯಾವಾಗ ಗೊತ್ತು ಮಾಡಿದಿ?"

"ನಿನ್ನ ಹಲ್ಲು ಬಿದ್ದ ಮರುದಿನನ. ಮೇಳ ನಿಲ್ಲಸಾಕ ಬರತೈತೇನು, ನೀನ ಹೇಳು?"

ಬಾಳು ಏನೋ ಹೇಳಲು ಬಾಯಿ ತೆರೆದ. ಬರೀ ಸಿಳ್ಳೆ ಹೊರಟಿತು. ದೊಡವಾಡದ ಬಸ್ಸು ಬಂದು ನಿಂತರೂ ತೆರೆದ ಬಾಯಿ ತೆರೆದೇ ಇತ್ತು.