ಯಂತ್ರಮಿತ್ರನ ಸಂಸಾರ

ಭವಿಷ್ಯ ಹೇಳುವುದೇನೂ ಕಷ್ಟದ ಕೆಲಸವಲ್ಲ. ಹೇಳಿದ ಭವಿಷ್ಯವನ್ನು ನಂಬಿದವರ ಜೊತೆ ಒಂದೇ ಮನೆಯಲ್ಲಿ ಸಂಸಾರ ಮಾಡುವುದು ಕಷ್ಟ. ಜೋಯಿಸರಾದರೆ ಹೇಳಿ, ದಕ್ಷಿಣೆ ತೆಗೆದುಕೊಂಡು ಎದ್ದು ಹೋಗುತ್ತಾರೆ. ನಾನು ಹೇಳಿ, ಅದೇ ಮನೆಯ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಬೇಕು. ನಾನು ಹೇಳುತ್ತಿದ್ದದ್ದು ಮದುವೆ, ಮಕ್ಕಳು, ಶನಿದೆಸೆಯ ಭವಿಷ್ಯವೂ ಅಲ್ಲ. ಮುಂದೆ ಬರಲಿರುವ ಕಂಪ್ಯೂಟರುಗಳಲ್ಲಿ ಎಂತೆಂತ ಇರುತ್ತದೆ, ಅವಕ್ಕೆ ಎಷ್ಟು ಬೆಲೆ ಬೀಳುತ್ತದೆ ಎಂಬ ಭವಿಷ್ಯ.

ನಗಬೇಡಿ. ಬೋವಿಕಾನದ ನಮ್ಮ ಮನೆಯ ಊಟದ ಕೋಣೆಯ ಮೂಲೆಯಲ್ಲಿ ಕೂತು ನಾನು ಮದುವೆಯ, ಗೃಹಪ್ರವೇಶದ ಕಾಗದಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಟೈಪ್ ಮಾಡಿ ಕೊಡುತ್ತಿದ್ದವಳು. ಎಲ್ಲ ಕೆಲಸ ಮೊಬೈಲಿನಲ್ಲೇ ಆಗಿಬಿಡುವ ಕಾಲ ಆಗ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಪರದೆ, ಕೆಳಗೆ ಸಿಪಿಯು ಎಂಬ ಡಬ್ಬ, ನಡುವೆ ವಯರುಗಳ ಜಾಲ. ಕಾಲು ಚಾಚಿದರೆ ಡಬ್ಬದ ಬಿಸಿ, ಮಡಚಿದರೆ ಮಂಡಿನೋವು. ಅತ್ತೆ ಗುಡಿಸುವಾಗ ಅವರ ಹಿಡಿಸೂಡಿ ಯಾವುದೋ ಒಂದು ವಯರಿಗೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪರದೆ ಆರಿ ವಧೂವರರು ತಂದೆತಾಯಿ ಸಮೇತ ಮಾಯ. ಕಸ ಇರುವುದೇ ಅಲ್ಲಿ, ನಾನು ಎಂತ ಮಾಡಲಿ ಎಂದು ಅತ್ತೆ ಕೇಳಿದರೆ ನಾನು ವಯರು ಸಿಕ್ಕಿಸಿ ಮೊದಲಿನಿಂದ ಟೈಪ್ ಮಾಡುತ್ತಿದ್ದೆ. ಹೀಗಿರುವಾಗ ಒಂದು ದಿನ ಕಾಸರಗೋಡಿನ ಅಂಗಡಿಯಲ್ಲಿ ಆಲ್-ಇನ್-ಒನ್ ಎಂಬುದನ್ನು ನೋಡಿದೆ. ಡಬ್ಬವೇ ಇಲ್ಲ. ಎಲ್ಲವೂ ಪರದೆಯ ಬೆನ್ನಿನೊಳಗೆ, ಗೋಡೆಗೆ ಹೋಗುವುದು ಒಂದೇ ವಯರು. ಹೆಣ್ಣು ನೋಡಲು ಬಂದ ದಿನ ಇವರನ್ನು ಕೂಡ ನಾನು ಅಷ್ಟು ಹೊತ್ತು ನೋಡಿರಲಿಲ್ಲ. ನನಗೆ ಅದು ಬೇಕೇ ಬೇಕು ಎನಿಸಿತು.

ಇವರು ಎಂದರೆ ನಮ್ಮ ಮನೆಯವರು, ಸರಕಾರಿ ಆಫೀಸೊಂದರಲ್ಲಿ ಗುಮಾಸ್ತರು. ಕೆಟ್ಟವರಲ್ಲ, ಜಿಪುಣರೂ ಅಲ್ಲ. ಆದರೆ ಕಾಯುವುದೆಂದರೆ ಇವರಿಗೆ ಒಂದು ವ್ರತ. ನಮ್ಮ ಕಡೆ ಮಿಕ್ಸಿಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲವನ್ನೂ ಓಣಂ ಆಫರಿಗೆ ಕಾದು ತೆಗೆಯುವುದು ರೂಢಿ. ಓಣಂ ಬಂದ ಮೇಲೆ ಮುಂದಿನ ಓಣಂಗೆ ಕಾಯುವವರು ಇವರೊಬ್ಬರೇ ಇರಬೇಕು. ನನ್ನ ಟೈಪಿಂಗಿನ ಸಂಪಾದನೆ ಹಾಲಿಗೂ ಕರೆಂಟು ಬಿಲ್ಲಿಗೂ ಸರಿಹೋಗುತ್ತಿದ್ದುದರಿಂದ, ಇವರು ಹೂಂ ಅನ್ನದೆ ಹೊಸ ಕಂಪ್ಯೂಟರ್ ಹೊಸ್ತಿಲು ದಾಟುವಂತಿರಲಿಲ್ಲ.

ಈ ನಡುವೆ ಬಂದದ್ದು ಪತ್ರಿಕೆಯ ಕತೆ. ಊರಿನದೊಂದು ಕನ್ನಡ ವಾರಪತ್ರಿಕೆಯ ಪುಟಗಳನ್ನು ನಾನೇ ಜೋಡಿಸಿ ಕೊಡುತ್ತಿದ್ದೆ. ಒಂದು ವಾರ ಯಾರದೋ ಜಾಹೀರಾತು ಕೈಕೊಟ್ಟು ಕಾಲು ಪುಟ ಖಾಲಿ ಉಳಿಯಿತು. ಕಂಪ್ಯೂಟರಿನ ಬಗ್ಗೆ ಎಂತಾದರೂ ಬರೆದು ತುಂಬಿಸಿ ಅಕ್ಕ ಎಂದು ಸಂಪಾದಕರು ಫೋನು ಮಾಡಿದರು. ಕಾಸರಗೋಡಿನ ಅಂಗಡಿಯವರು ಕೊಟ್ಟ ಆಲ್-ಇನ್-ಒನ್‌ನ ಬಣ್ಣದ ಜಾಹೀರಾತು ಕಾಗದ ಪಕ್ಕದಲ್ಲೇ ಇತ್ತು. ಅದರಲ್ಲಿದ್ದ ಸೌಕರ್ಯಗಳಿಗೆ ಒಂದು ಸೇರಿಸಿದೆ, ಬೆಲೆಯನ್ನು ಸ್ವಲ್ಪ ಇಳಿಸಿದೆ, ‘ಬಲ್ಲ ಮೂಲಗಳ ಪ್ರಕಾರ’ ಎಂದು ಶುರುಮಾಡಿ ‘ಯಂತ್ರಮಿತ್ರ’ ಎಂದು ಮುಗಿಸಿದೆ. ಅದೇ ಅಂಕಣವಾಯಿತು. ಓದುಗರು ಪ್ರಶ್ನೆ ಕಳಿಸತೊಡಗಿದರು. ಸಿಡಿಲು ಬಡಿದರೂ ಸುಡದ ಕಂಪ್ಯೂಟರ್ ಬರಲಿಕ್ಕುಂಟಾ ಎಂದು ಬಂದ್ಯೋಡಿನ ಒಬ್ಬರು ಕೇಳಿದರೆ, ಇರುವೆ ಗೂಡು ಕಟ್ಟದಂಥದ್ದು ಯಾವಾಗ ಬಂದೀತು ಎಂದು ಎಡನೀರಿನವರೊಬ್ಬರಿಗೆ ತಿಳಿಯಬೇಕಿತ್ತು. ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಇಬ್ಬರಿಗೂ ಬರೆದೆ.

ಈ ಯಂತ್ರಮಿತ್ರನ ಪರಮಭಕ್ತರೆಂದರೆ ನಮ್ಮ ಮನೆಯವರು. ಪುಟ ಜೋಡಿಸುವುದು ನಾನೆಂದು ಗೊತ್ತು. ಜೋಡಿಸುವವರು ಬರೆಯಲೂಬಹುದು ಎಂದು ಮಾತ್ರ ಹೊಳೆದದ್ದಿಲ್ಲ. ಮೊದಲ ವಾರವೇ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಇವರು, ಈ ಮನುಷ್ಯನಿಗೆ ತಲೆ ಉಂಟು ಮಾರಾಯ್ತಿ, ಬರೆದರೆ ಹೀಗೆ ಬರೆಯಬೇಕು ಎಂದುಬಿಟ್ಟರು. ನನ್ನ ಸಾರಿಗೂ ಸಿಗದ ಹೊಗಳಿಕೆ ಅದು. ಇನ್ನೊಂದು ವಾರ ಕೇಳುವ ಎಂದು ಸುಮ್ಮನಾದೆ, ಹಾಗೇ ವಾರಗಳು ಹೋದವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಗಿಡವೇ ಹೆಸರು ಬದಲಿಸಿಕೊಂಡು ಪೇಪರಿನಲ್ಲಿ ಬಂದರೆ ಮದ್ದಾಗುತ್ತದೆ. ಎಡವಟ್ಟಾದದ್ದು ಇಲ್ಲಿಯೇ. ನಾನು ಆಲ್-ಇನ್-ಒನ್ ತೆಗೆಯುವ ಎಂದಾಗಲೆಲ್ಲ ಇವರು ಪೇಪರು ಬಿಡಿಸಿ, ನೋಡು, ಮುಂದಿನದರಲ್ಲಿ ಟಿವಿಯೂ ಬರ್ತದಂತೆ, ಬೆಲೆಯೂ ಇಳಿಯುತ್ತದಂತೆ, ಈಗ ತೆಗೆದರೆ ಮಂಗ ಆಗ್ತೇವೆ ಎಂದು ನನ್ನ ವಾಕ್ಯಗಳನ್ನೇ ನನಗೆ ಓದಿ ಹೇಳುತ್ತಿದ್ದರು. ನನ್ನ ಮಂಡಿನೋವನ್ನು ನಾನೇ ವಾರವಾರ ಬರೆದು ಬೆಳೆಸುತ್ತಿದ್ದೆ.

ಕೊನೆಗೆ ಓಣಂ ಹತ್ತಿರ ಬಂತು. ಈ ಸಲ ಬಿಟ್ಟರೆ ಇನ್ನಿಲ್ಲ ಎಂದು ಹಠ ಹಿಡಿದು ಯಂತ್ರಮಿತ್ರನ ಕೈಯಲ್ಲಿ ಬೇರೆಯೇ ರಾಗ ಹಾಡಿಸಿದೆ. ಡಾಲರು ಏರುತ್ತಿದೆ, ಮುಂದೆ ಬರುವ ಆಲ್-ಇನ್-ಒನ್‌ಗಳ ಬೆಲೆ ಹೆಚ್ಚುವುದು ಖಂಡಿತ, ಬುದ್ಧಿವಂತರು ಈ ಓಣಂಗೇ ಕೊಳ್ಳುವುದು ಲೇಸು. ಆ ದಿನ ಬೆಳಿಗ್ಗೆ ಚಾ ಕೊಟ್ಟು, ಪಾತ್ರೆ ತೊಳೆಯುವ ನೆವದಲ್ಲಿ ಅಲ್ಲಿಯೇ ಸುಳಿದಾಡಿದೆ. ಇವರು ಓದಿದರು. ಇನ್ನೊಮ್ಮೆ ಓದಿದರು. ಪೇಪರು ಮಡಚಿ ನಿಟ್ಟುಸಿರು ಬಿಟ್ಟರು.

“ಪಾಪ, ಈ ಯಂತ್ರಮಿತ್ರನಿಗೆ ಮನೆಯಲ್ಲಿ ಹೆಂಡತಿಯ ಕಾಟ ಶುರುವಾಗಿದೆ. ಅವಳಿಗೆ ಕಂಪ್ಯೂಟರ್ ಬೇಕು, ಇವನ ಕೈಯಲ್ಲಿ ಹೀಗೆ ಬರೆಸಿದ್ದಾಳೆ” ಎಂದರು.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲಿಟ್ಟೆ.

“ಯಂತ್ರಮಿತ್ರನಿಗೆ ಹೆಂಡತಿ ಇಲ್ಲ. ಗಂಡ ಇರುವುದು. ಇಲ್ಲಿ ಚಾ ಕುಡಿಯುತ್ತಾ ಕೂತಿದ್ದಾರೆ” ಎಂದೆ.

ಇವರು ನಕ್ಕರು. ನಾನು ಕಂಪ್ಯೂಟರ್ ಹಾಕಿ ಒಂದೊಂದೇ ಲೇಖನ ತೆಗೆದು ತೋರಿಸಿದೆ, ಇನ್ನೂ ಅಚ್ಚಾಗದ ಮುಂದಿನ ವಾರದ್ದನ್ನೂ ತೋರಿಸಿದೆ. ನಗು ನಿಂತಿತು. ನನ್ನ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಬೈದರೆ ತಿರುಗಿ ಬೈಯಲು ನಾನೂ ತಯಾರಾಗಿಯೇ ನಿಂತಿದ್ದೆ. ಆದರೆ ಇವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

“ಹಾಗಾದರೆ ನೀನೇ ಹೇಳು. ಈಗ ತೆಗೆಯುವುದಾ, ಕಾಯುವುದಾ? ನೀನು ಹೇಳಿದ ಹಾಗೆ ಮಾಡುವ.”

ತೆಗೆಯುವ ಎಂಬ ಒಂದು ಮಾತು ಸಾಕಿತ್ತು. ಸಂಜೆಯೊಳಗೆ ಅದು ನನ್ನ ಮೇಜಿನ ಮೇಲಿರುತ್ತಿತ್ತು. ಆದರೆ ಸಂಸಾರದಲ್ಲಿ ಇಷ್ಟು ವರ್ಷ ಕಳೆದರೂ ನನ್ನನ್ನು ಹೀಗೆ ಕೂರಿಸಿ, ಇಷ್ಟು ನಂಬಿಕೆಯಿಂದ ಅಭಿಪ್ರಾಯ ಕೇಳಿದವರಿರಲಿಲ್ಲ. ಸೆರಗು ಸರಿಮಾಡಿಕೊಂಡೆ, ಗಂಟಲು ಸರಿಮಾಡಿಕೊಂಡೆ. ಬಲ್ಲ ಮೂಲಗಳ ಪ್ರಕಾರ ಮುಂದಿನ ವರ್ಷದ್ದರಲ್ಲಿ ಪರದೆಯನ್ನು ಬೆರಳಿನಿಂದ ಮುಟ್ಟಿಯೇ ಕೆಲಸ ಮಾಡಬಹುದು, ಬೆಲೆಯೂ ಸ್ವಲ್ಪ ಇಳಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ನನ್ನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಇವರು ಭಕ್ತಿಯಿಂದ ತಲೆದೂಗಿ, ಹಾಗಾದರೆ ಕಾಯುವ ಎಂದರು. ಮದುವೆಯಾದ ಮೇಲೆ ಇವರು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟದ್ದು ಅದೊಂದೇ ಸಲ.