ಬುಟ್ಟಿಯ ಕೆಳಗಿನ ಜಗತ್ತು

ನಾಲ್ವರು ನಡುವಯಸ್ಸಿನ ಗಂಡಸರು ಜಗತ್ತನ್ನು ಗೆಲ್ಲಲು ಕುಳಿತರೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಆದರೆ ಆಡುವವರಿಗೆ ಅದು ಕಾಣುವುದಿಲ್ಲ. ಕಂಡು ನಗುವ ಕೆಲಸ ನನ್ನ ಹೆಂಡತಿಯದಾಗಿತ್ತು. ಈಗ ಅವಳಿಲ್ಲ. ಆದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ನಾನು ಚಿತ್ತಾಪುರದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ, ಮನೆ ವಾಡಿಯಲ್ಲಿ. ಎಲ್ಲ ಕಡೆಯ ರೈಲುಗಳೂ ವಾಡಿಯಲ್ಲಿ ಸೇರುವುದರಿಂದ ಐತವಾರದ ಆಟ ನಮ್ಮ ಪಡಸಾಲೆಯಲ್ಲೇ. ಶಹಾಬಾದಿನಿಂದ ಕಲ್ಲಿನ ವ್ಯಾಪಾರಿ ಬರುತ್ತಿದ್ದ, ಸೇಡಂನಿಂದ ಔಷಧಿ ಅಂಗಡಿಯವನು. ಗೂಡ್ಸ್ ಗಾಡಿಯ ಗಾರ್ಡ್ ಪಕ್ಕದ ಓಣಿಯವನೇ. ಆಟದ ಪೆಟ್ಟಿಗೆಯನ್ನು ಅವನು ಸಿಕಂದರಾಬಾದಿನಿಂದ ತಂದಿದ್ದ. ಜಗತ್ತಿನ ನಕಾಶೆ, ಒಂದೊಂದು ದೇಶದಲ್ಲಿ ಒಬ್ಬೊಬ್ಬರ ದಂಡು. ದಾಳ ಹಾಕಿ ಪಕ್ಕದವನ ದೇಶ ಕಸಿದುಕೊಳ್ಳಬೇಕು. ಇಡೀ ಜಗತ್ತು ಯಾರದಾಯಿತೋ ಅವನು ಗೆದ್ದ. ಒಂದೇ ಆಟವನ್ನು ನಾವು ಆರು ವರ್ಷ ಆಡಿದೆವು. ಯಾರೂ ಗೆಲ್ಲಲಿಲ್ಲ.

೧. ಉದ್ಘಾಟನೆ

ಮೊದಲ ಮಳೆಗಾಲದಲ್ಲೇ ಗೆದ್ದಲು ರಟ್ಟಿನ ನಕಾಶೆಯನ್ನು ರಷ್ಯದಿಂದ ಅರಬಸ್ತಾನದವರೆಗೆ ತಿಂದುಹಾಕಿತು.

"ಹೋಗ್ಲಿ ಬಿಡ್ರಿ ಮಾಸ್ತರ್, ಕಲ್ಲಿನ್ಯಾಗ ಕೆತ್ತಿಸಿಕೊಂಡು ಬರ್ತೀನಿ. ಅದನ್ನ ಹೆಂಗ ತಿಂತದ ನೋಡೂಣು" ಎಂದ ಕಲ್ಲಿನ ವ್ಯಾಪಾರಿ.

ನಾನು ಕಾಗದದ ಮೇಲೆ ಜಗತ್ತನ್ನು ಬರೆದುಕೊಟ್ಟೆ. ಎರಡು ವಾರದ ಮೇಲೆ ಇಬ್ಬರು ಹಮಾಲರು ಮೂರು ಅಡಿ ಉದ್ದದ ಶಹಾಬಾದಿ ಕಲ್ಲನ್ನು ತಂದು ಪಡಸಾಲೆಯಲ್ಲಿ ಇಳಿಸಿದರು. ಗೆರೆಗಳು ಚೆನ್ನಾಗಿದ್ದವು, ಶ್ರೀಲಂಕಾ ಕೂಡ ಇತ್ತು. ಆದರೆ ಕೆತ್ತಿದವನು ಜೀವಮಾನವಿಡೀ ಅಡಿಗಲ್ಲುಗಳನ್ನೇ ಕೆತ್ತಿದವನು. ಅವನ ಕೈ ರೂಢಿ ಬಿಟ್ಟಿರಲಿಲ್ಲ. ಅಂಟಾರ್ಕ್ಟಿಕಾ ಇರಬೇಕಾದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 'ಉದ್ಘಾಟಕರು' ಎಂದು ಕೆತ್ತಿ, ಮುಂದೆ ಹೆಸರಿಗೆ ಜಾಗ ಬಿಟ್ಟಿದ್ದ.

ಅದನ್ನು ಉಜ್ಜಿ ತೆಗೆಯಲು ಬರುತ್ತದೆಯೇ ಎಂದು ನಾವು ಗಂಭೀರವಾಗಿ ಚರ್ಚಿಸುತ್ತಿದ್ದೆವು. ನನ್ನ ಹೆಂಡತಿ ಒಳಗಿನಿಂದ ಬಂದು, ಬಗ್ಗಿ ಓದಿದಳು.

"ಅಂದ್ರ ಇಷ್ಟು ದಿನ ಜಗತ್ತು ಉದ್ಘಾಟನೆ ಆಗದನ ನಡೀಲಿಕತ್ತಿತ್ತೇನ್ರಿ?"

೨. ಉಪ್ಪು

ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ದಂಡುಗಳು ಕಲ್ಲಿನ ಮೇಲೆ ಜಾರಿ, ಒಂದೊಂದಾಗಿ ಕಳೆದುಹೋದವು. ಕಾಳುಗಳಿಗೆ ಬಂದೆವು. ನನ್ನದು ತೊಗರಿ, ಗಾರ್ಡನದು ಕಡಲೆ, ಕಲ್ಲಿನ ವ್ಯಾಪಾರಿಯದು ಅಲಸಂದಿ, ಔಷಧಿಯವನದು ಹೆಸರು. ಸಂಜೆ ಆಟ ನಿಂತಾಗ ಪ್ರತಿಯೊಬ್ಬನೂ ತನ್ನ ದಂಡಿನ ಲೆಕ್ಕವನ್ನು ತಾನೇ ಬರೆದುಕೊಳ್ಳಬೇಕು, ಇನ್ನೊಬ್ಬರು ಪರೀಕ್ಷಿಸಬಾರದು. ಪ್ರಾಮಾಣಿಕತೆಗಾಗಿ ಈ ನಿಯಮ ಮಾಡಿದವನು ನಾನು. ಆಮೇಲೆ ಕಲ್ಲಿನ ಮೇಲೆ ದೊಡ್ಡ ಬುಟ್ಟಿ ಮುಚ್ಚುತ್ತಿದ್ದೆವು. ಸೋಮವಾರ ನನ್ನ ಹೆಂಡತಿ ಬುಟ್ಟಿ ಎತ್ತಿ, ಕಲ್ಲು ಒರೆಸಿ, ಕಾಳುಗಳನ್ನು ಇದ್ದಲ್ಲೇ ಇಡುತ್ತಿದ್ದಳು.

ಒಂದು ಶ್ರಾವಣದಲ್ಲಿ ಮಾಳಿಗೆ ಸೋರಿ, ನೀರು ಸರಿಯಾಗಿ ಆಫ್ರಿಕಾದ ಮೇಲೆ ಬಿತ್ತು. ಐತವಾರ ಬುಟ್ಟಿ ಎತ್ತಿದರೆ ಔಷಧಿಯವನ ಹೆಸರುಕಾಳೆಲ್ಲ ಮೊಳಕೆ ಬಂದಿದ್ದವು.

"ನನ್ನ ದಂಡು ಬೆಳದದ. ಇನ್ನ ಒಂದಕ್ಕ ಎರಡು ಹಿಡೀಬೇಕು" ಎಂದ ಅವನು.

"ಏ, ಬಾಲ ಬಂದ್ರ ಎರಡಾಗ್ತಾವೇನೋ? ಹಂಗಾದ್ರ ಮಂಗ್ಯಾಗೂ ಎರಡು ಟಿಕೀಟು ಕೊಡಬೇಕು" ಎಂದ ಗಾರ್ಡ್.

ವಾದ ಒಂದು ತಾಸು ನಡೆಯಿತು. ನನ್ನ ಹೆಂಡತಿ ಬಂದು ಆಫ್ರಿಕಾವನ್ನು ಬಟ್ಟಲಿಗೆ ಬಳಿದುಕೊಂಡು ಹೋದಳು. ಮನೆಯಲ್ಲಿದ್ದ ಮೊಳಕೆಯನ್ನೂ ಸೇರಿಸಿ ಉಸಳಿ ಮಾಡಿ ತಂದಿಟ್ಟಳು. ಹೊಸ ಕಾಳು ಎಣಿಸಿ ಕೊಟ್ಟಳು. ತನ್ನ ದಂಡನ್ನು ತಾನೇ ತಿಂದು, ಉಪ್ಪು ಸ್ವಲ್ಪ ಕಡಿಮೆ ಎಂದ ರಾಜ ಅವನೊಬ್ಬನೇ ಇರಬೇಕು.

೩. ಹದ್ದು

ಒಂದು ವರ್ಷ ಶಾಲೆ ತೆರೆದ ಹೊಸದರಲ್ಲಿ ದೇಶದ ಗಡಿಯಲ್ಲಿ ನಿಜವಾದ ಯುದ್ಧ ನಡೆದಿತ್ತು. ನಾನು ಚಿತ್ತಾಪುರ ಸ್ಟೇಷನ್ನಿನಲ್ಲಿ ಸಂಜೆಯ ಪ್ಯಾಸೆಂಜರಿಗೆ ಕಾಯುತ್ತಿದ್ದೆ. ಗೂಡ್ಸ್ ಗಾಡಿಯೊಂದು ನಿಧಾನವಾಗಿ ಹಾದುಹೋಯಿತು. ಕೊನೆಯ ಡಬ್ಬಿಯಲ್ಲಿ ನಿಂತಿದ್ದ ನಮ್ಮ ಗಾರ್ಡ್ ನನ್ನನ್ನು ಕಂಡವನೇ ಕೂಗಿದ:

"ಮಾಸ್ತರ್! ಐತವಾರ ಚೀನಾ ನನಗ ಬಿಟ್ಟುಬಿಡ್ರಿ! ಇರಾನಿಗೆ ನಾ ಕೈ ಹಚ್ಚಂಗಿಲ್ಲ! ಯಾರಿಗೂ ಹೇಳಬ್ಯಾಡ್ರಿ!"

ಇಡೀ ಪ್ಲಾಟ್‌ಫಾರ್ಮ್ ನನ್ನ ಕಡೆ ತಿರುಗಿತು. ಚಿಂಚೋಳಿಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೋಲೀಸನೊಬ್ಬ ಪೆನ್ಸಿಲ್ ತೆಗೆದು ಹತ್ತಿರ ಬಂದ.

"ಚೀನಾ ಬಿಡೂದು ಅಂದ್ರ ಏನ್ರಿ?"

"ಅದು ಆಟರಿ."

"ಆಟಕ್ಕ ಯಾರಿಗೂ ಹೇಳಬ್ಯಾಡ್ರಿ ಅಂತಾರೇನ್ರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕಿಸೆಯಲ್ಲಿದ್ದ ಸೀಮೆಸುಣ್ಣದಿಂದ ನೆಲದ ಮೇಲೆ ಭೂಖಂಡಗಳನ್ನು ಬರೆದು ವಿವರಿಸಿದೆ. ಅವನು ಮೊಣಕಾಲೂರಿ ಎಲ್ಲ ನೋಡಿದ.

"ಈ ಕಲ್ಲು ಎಲ್ಲದ?"

"ವಾಡಿಯಾಗ, ನಮ್ಮ ಮನ್ಯಾಗರಿ."

ಅವನು ಎದ್ದು ಪೆನ್ಸಿಲ್ ಕಿಸೆಗೆ ಹಾಕಿಕೊಂಡ. "ಮೊದಲೇ ಹೇಳಬಾರದೇನ್ರಿ? ವಾಡಿ ನಮ್ಮ ಠಾಣಾದ ಹದ್ದಿನಾಗ ಬರಂಗಿಲ್ಲ."

೪. ಇರಾನ್

ನನ್ನ ಹೆಂಡತಿ ತೀರಿಕೊಂಡದ್ದು ಮಾಘದ ಒಂದು ಗುರುವಾರ. ಆ ಸೋಮವಾರ ಎಂದಿನಂತೆ ಕಲ್ಲು ಒರೆಸಿದ್ದಳು.

ಆಮೇಲೆ ಬುಟ್ಟಿ ಎತ್ತಲು ನಾನು ಯಾರಿಗೂ ಬಿಡಲಿಲ್ಲ. ಕೆಳಗಿದ್ದವು ಅವಳ ಕೈ ಕೊನೆಯದಾಗಿ ಇಟ್ಟ ಕಾಳುಗಳು. ಆಡಿದರೆ ಅವು ಕದಲುತ್ತವೆ. ಗೆಳೆಯರು ಮಾತ್ರ ಐತವಾರ ತಪ್ಪಿಸಲಿಲ್ಲ. ಬುಟ್ಟಿಯ ಸುತ್ತ ಕುಳಿತು, ನಾನು ಮಾಡಿದ ಚಹಾ ಕುಡಿದು, "ಭಾಳ ಚಲೋ ಆಗ್ಯಾದ್ರಿ" ಎಂದು ಸುಳ್ಳು ಹೇಳಿ ಹೋಗುತ್ತಿದ್ದರು. ಹೀಗೆ ಎಂಟು ತಿಂಗಳು.

ಒಂದು ದಿನ ಗಾರ್ಡ್ ಹೇಳಿದ: "ಮಾಸ್ತರ್, ಮುಂದಿನ ತಿಂಗಳು ನನಗ ಸೊಲ್ಲಾಪುರಕ್ಕ ವರ್ಗ. ಒಂದು ಸಲ ಆಡೂಣ್ರಿ. ಇಲ್ಲಾಂದ್ರ ನಾ ಗೆದ್ದೆನೋ ಸೋತೆನೋ ತಿಳೀದನ ಹೋಗಬೇಕಾಗ್ತದ."

ನಾನು ಬುಟ್ಟಿ ಎತ್ತಿದೆ. ನನ್ನ ಲೆಕ್ಕದ ಪುಸ್ತಕದಲ್ಲಿ ಇರಾನಿಗೆ ಮೂರು ಎಂದು ಬರೆದಿತ್ತು. ಕಲ್ಲಿನ ಮೇಲೆ ಐದು ತೊಗರಿ ಇದ್ದವು.

ಹೇಳದೆ ಆಡಲು ಮನಸ್ಸು ಒಪ್ಪಲಿಲ್ಲ. "ನಾನು ನಿಮಗ ಆರು ವರ್ಷ ಮೋಸ ಮಾಡೀನಿ" ಎಂದೆ. "ಸೋಮವಾರ ಒರೆಸುವಾಗ ಆಕಿ ನನಗ ಎರಡು ಕಾಳು ಹೆಚ್ಚಿಗಿ ಇಡ್ತಿದ್ಳು. ಗೊತ್ತಿದ್ದೂ ನಾ ಬಾಯಿ ಬಿಡಲಿಲ್ಲ."

ಗಾರ್ಡ್ ತನ್ನ ಡೈರಿ ತೆರೆದು, ಬ್ರೆಜಿಲ್ ಎಣಿಸಿ, ಡೈರಿ ಮುಚ್ಚಿದ. "ನನಗೂ ಇಡ್ತಿದ್ರು ವೈನಿಯವ್ರು. ನನಗೊಬ್ಬನಿಗೇ ಅಂತ ಸುಮ್ಮನಿದ್ದೆ."

"ನನಗೂ ಎರಡು" ಎಂದ ಕಲ್ಲಿನ ವ್ಯಾಪಾರಿ, ತಲೆ ಎತ್ತದೆ.

ಔಷಧಿಯವನು ಆಫ್ರಿಕಾ ನೋಡುತ್ತಿದ್ದ. "ನನಗ ಮೂರು" ಎಂದ. "ಉಸಳಿ ಮಾಡಿದ್ದಕ್ಕ ಇರಬೇಕು."

ಆರು ವರ್ಷ ಯಾರೂ ಯಾಕೆ ಸೋಲಲಿಲ್ಲ ಎಂಬುದು ಆಗ ನಮಗೆ ತಿಳಿಯಿತು. ಸೋತವನಿಗೆ ಮರು ಐತವಾರ ಬರಲು ಕಾರಣ ಇರುತ್ತಿರಲಿಲ್ಲ.

ಆಡಿದೆವು. ಒಂದು ತಾಸಿನಲ್ಲಿ ನನಗೆ ಇಡೀ ಜಗತ್ತಿನಲ್ಲಿ ಉಳಿದದ್ದು ಇರಾನ್, ಅದರಲ್ಲಿ ಎರಡು ಕಾಳು. ಚಹಾಕ್ಕೆ ಇಡಲು ಒಳಗೆ ಹೋದೆ. ಕಲ್ಲಿನ ವ್ಯಾಪಾರಿ ನೀರು ಕುಡಿಯುವ ನೆಪದಲ್ಲಿ ಬಂದು ಹೋದ. ಚಹಾ ತಂದಾಗ ಮೂವರೂ ಮಾಳಿಗೆ ನೋಡುತ್ತಿದ್ದರು. ಇರಾನಿನಲ್ಲಿ ನನ್ನ ಎರಡು ಕಾಳುಗಳ ಪಕ್ಕ ನಾಲ್ಕು ತೊಗರಿಬೇಳೆ ಇದ್ದವು.

"ಇದು ಯಾರ ಕೆಲಸ?" ತರಗತಿಯಲ್ಲಿ ಕೇಳುವಂತೆ ಕೇಳಿದೆ.

"ಏನ್ ಮಾಡ್ಲಿರಿ ಮಾಸ್ತರ್" ಎಂದ ಕಲ್ಲಿನ ವ್ಯಾಪಾರಿ, "ನಿಮ್ಮ ಡಬ್ಬ್ಯಾಗ ಇಡೀ ಕಾಳೇ ಇಲ್ಲ. ಬರೇ ಬ್ಯಾಳಿ ಅವ."

ಎರಡು ಬೇಳೆಗೆ ಒಂದು ಕಾಳು, ನಾಲ್ಕಕ್ಕೆ ಎರಡು. ಲೆಕ್ಕ ಸರಿಯಾಗಿತ್ತು. ಪುಸ್ತಕ ತೆಗೆದು, ಇರಾನ್: ನಾಲ್ಕು, ಎಂದು ಬರೆದುಕೊಂಡೆ.